ಒಂದೇ ಮನೆ, ಎರಡು ಒಲೆ: ಬೇಕಾದಾಗ ಬೇರ್ಪಡಿಸಬಹುದಾದ ಮನೆಯನ್ನು ಯೋಜಿಸುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಸ್ವಂತ ಮನೆ ಕಟ್ಟಿಸುವವರು ಸಾಮಾನ್ಯವಾಗಿ ಈ ಹೊತ್ತಿನ ಸಂಸಾರಕ್ಕೆ ಎಷ್ಟು ಕೋಣೆ ಬೇಕೆಂದು ಲೆಕ್ಕ ಹಾಕಿ ನಕ್ಷೆ ಬರೆಸುತ್ತಾರೆ. ಮುಂದೆ ಮಕ್ಕಳ ಮದುವೆಯಾಗಿ ಒಲೆ ಬೇರೆಯಾಗುತ್ತದೆ, ಇಲ್ಲವೆ ಒಬ್ಬ ಮಗ ಬೆಂಗಳೂರಿಗೆ ನೌಕರಿಗೆ ಹೋಗಿ ಅವನ ಕೋಣೆಗಳಿಗೆ ಬೀಗ ಬೀಳುತ್ತದೆ. ಅವನ್ನು ಬಾಡಿಗೆಗೆ ಕೊಡೋಣವೆಂದರೆ ಬಾಡಿಗೆಯವರು ಮನೆಯವರ ಪಡಸಾಲೆಯನ್ನು ಹಾಯ್ದೇ ಒಳಗೆ ಹೋಗಬೇಕಾಗಿರುತ್ತದೆ. ಈ ತೊಡಕು ಬೇಡವೆಂದರೆ, ಮನೆ ಎಂದಾದರೂ ಎರಡಾದರೆ ಯಾವ ಗೆರೆಯಲ್ಲಿ ಎರಡಾಗಬೇಕು ಎಂಬುದನ್ನು ಕೋಣೆಗಳನ್ನು ಬರೆಯುವ ಮುನ್ನವೇ ಖಾಲಿ ನಿವೇಶನದ ಮೇಲೆ ಗುರುತಿಸಿಕೊಳ್ಳಬೇಕು. ಮೆಟ್ಟಿಲು, ಬಚ್ಚಲು, ಪೈಪು, ತೊಲೆ ಎಲ್ಲವೂ ಆ ಗೆರೆಯನ್ನು ಅನುಸರಿಸಿ ಬರಬೇಕು.

30×40 ಅಡಿಯ ನಿವೇಶನದಲ್ಲಿ ಈ ಗೆರೆ ಅಡ್ಡಡ್ಡವಾಗಿ, ಅಂದರೆ ಕೆಳಮನೆ–ಮೇಲ್ಮನೆಯಾಗಿ ಬರುವುದೇ ಸರಿ. ಅಷ್ಟು ಅಗಲವನ್ನು ಉದ್ದುದ್ದ ಸೀಳಿದರೆ ಎರಡೂ ಪಾಲು ರೈಲುಡಬ್ಬಿಯಾಗುತ್ತವೆ. 40×60 ಇದ್ದವರು ಅಕ್ಕಪಕ್ಕದ ಪಾಲುಗಳನ್ನು ಯೋಚಿಸಬಹುದು. ಇದರ ಜೊತೆಗೆ ಕೆಳಗಡೆ ಮುಂಭಾಗದಲ್ಲಿ, ಅಂಗಳಕ್ಕೇ ಬಾಗಿಲಿರುವ, ತನ್ನದೇ ಬಚ್ಚಲಿರುವ ಒಂದು ಕೋಣೆ ಇದ್ದರೆ ಅದರಷ್ಟು ಉಪಯೋಗಕ್ಕೆ ಬರುವುದು ಮತ್ತೊಂದಿಲ್ಲ: ಇಂದು ಮಕ್ಕಳ ಓದಿಗೆ, ನಾಳೆ ಟ್ಯೂಷನ್ನಿಗೋ ಬಾಡಿಗೆಗೋ, ಮುಂದೊಂದು ದಿನ ಮೊಣಕಾಲು ನೋವಿನ ತಂದೆತಾಯಿಗೆ. ಆ ಕೋಣೆಯ ಮತ್ತು ಅದರ ಬಚ್ಚಲಿನ ಬಾಗಿಲು 3 ಅಡಿ ಅಗಲವಿರಲಿ, ನಡುವೆ ಹೊಸ್ತಿಲು ಬೇಡ.

ಇಡೀ ಯೋಜನೆಯ ಕೀಲು ಇರುವುದು ಮೆಟ್ಟಿಲಿನಲ್ಲಿ. ಪಡಸಾಲೆಯ ನಡುವಿನಿಂದ ಏರುವ ಮೆಟ್ಟಿಲು ನೋಡಲು ಚೆಂದವಾದರೂ ಮೇಲ್ಮನೆಯನ್ನು ಶಾಶ್ವತವಾಗಿ ಕೆಳಮನೆಗೆ ಕಟ್ಟಿಹಾಕುತ್ತದೆ. ಪೂರ್ತಿ ಹೊರಗಿಟ್ಟರೆ ಒಟ್ಟಿಗಿರುವಷ್ಟು ಕಾಲವೂ ರಾತ್ರಿ ನೀರು ಕುಡಿಯಲು ಬರುವ ಮಗು ಬೀದಿಬಾಗಿಲು ತೆರೆಯಬೇಕಾಗುತ್ತದೆ. ಇವೆರಡರ ನಡುವಿನ ದಾರಿಯೆಂದರೆ, ತಲೆಬಾಗಿಲು ದಾಟಿದ ಕೂಡಲೇ 6×7 ಅಡಿಯ ಒಂದು ಚಿಕ್ಕ ಮೊಗಸಾಲೆಯನ್ನು ಬಿಟ್ಟು, ಅದರ ಒಂದು ಬದಿಗೆ ಕೆಳಮನೆಯ ಬಾಗಿಲನ್ನೂ ಇನ್ನೊಂದು ಬದಿಗೆ ಮೆಟ್ಟಿಲನ್ನೂ ಇಡುವುದು. ಸಂಸಾರ ಒಂದಾಗಿರುವಾಗ ಒಳಬಾಗಿಲು ಹಗಲಿಡೀ ತೆರೆದಿರುತ್ತದೆ. ಬೇರೆಯಾದ ದಿನ ಅದೇ ಕೆಳಮನೆಯ ತಲೆಬಾಗಿಲಾಗುತ್ತದೆ. ಆದ್ದರಿಂದ ಅದಕ್ಕೂ ಮೇಲಂತಸ್ತಿನ ಬಾಗಿಲಿಗೂ ಮೊದಲೇ ಗಟ್ಟಿ ಚೌಕಟ್ಟು, ಒಳ್ಳೆಯ ಬೀಗ ಹಾಕಿಸಬೇಕು.

ಅಕ್ಕಪಕ್ಕದ ಪಾಲುಗಳಾದರೆ ನಡುಗೋಡೆಯಲ್ಲಿ ಒಂದು ಗುಪ್ತ ಬಾಗಿಲನ್ನು ಉಳಿಸಿಕೊಳ್ಳಬಹುದು. ಗೋಡೆ 9 ಇಂಚಿನದಾಗಿರಲಿ, ಏಕೆಂದರೆ ನಾಲ್ಕೂವರೆ ಇಂಚಿನ ಗೋಡೆಯಾಚೆಯ ಮಾತು ಈಚೆಗೆ ಕೇಳಿಸುತ್ತದೆ, ಬೇರೆಯಾದ ಮನೆಗಳ ಅರ್ಧ ಮನಸ್ತಾಪ ಹುಟ್ಟುವುದೇ ಅಲ್ಲಿ. ಬಾಗಿಲು ಬರಬೇಕಾದ ಜಾಗದ ಮೇಲೆ ಲಿಂಟಲ್ ಹಾಕಿಸಿ, ಎರಡೂ ಬದಿಯ ಅಂಚನ್ನು ನೇರವಾಗಿ ಮುಗಿಸಿ, ನಡುವಿನ ಕಿಂಡಿಯನ್ನು ಮಾತ್ರ ಅಕ್ಕಪಕ್ಕದ ಇಟ್ಟಿಗೆಯೊಂದಿಗೆ ಹೆಣೆಯದೆ, ಸಿಮೆಂಟು ಕಡಿಮೆಯಿರುವ ಗಾರೆಯಲ್ಲಿ ಮುಚ್ಚಿಸಬೇಕು. ಮೇಸ್ತ್ರಿಗಳು ರೂಢಿಯಂತೆ ಹೆಣೆದುಬಿಡುತ್ತಾರೆ. ಎದುರಿಗೆ ನಿಂತು ಮಾಡಿಸುವುದು ಒಳ್ಳೆಯದು. ಆ ಭಾಗದಲ್ಲಿ ವೈರಿನ ಪೈಪಾಗಲಿ ನಲ್ಲಿಯ ಪೈಪಾಗಲಿ ಹಾಯಬಾರದು. ಹೀಗಿದ್ದರೆ ಗೋಡೆಯನ್ನು ಅಲುಗಿಸದೆ ಒಂದೇ ದಿನದಲ್ಲಿ ಬಾಗಿಲು ತೆಗೆಯಬಹುದು, ಬೇಡವಾದಾಗ ಮತ್ತೆ ಮುಚ್ಚಬಹುದು.

ಒಂದು ಪಾಲನ್ನು ಈಗ ಕಟ್ಟಿ ಇನ್ನೊಂದನ್ನು ಆಮೇಲೆ ಜೋಡಿಸೋಣ ಎನ್ನುವವರು ಮೊದಲು ನೆಲವನ್ನು ನೋಡಬೇಕು. ಕೃಷ್ಣೆ–ತುಂಗಭದ್ರೆಯರ ನಡುವಿನ ಸೀಮೆಯಲ್ಲಿ ಎರೆ ಭೂಮಿ ಹೇರಳವಾಗಿದೆ. ಅದು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣು. ಅದರ ಮೇಲೆ ಹಳೆಯ ಪಾಯಕ್ಕೆ ಹೊಸ ಪಾಯ ಅಂಟಿಸಿದರೆ ಎರಡೂ ಒಂದೇ ಸಮನೆ ಕೂರುವುದಿಲ್ಲ, ಸೇರಿದ ಜಾಗದಲ್ಲೇ ಗೋಡೆ ಸೀಳುತ್ತದೆ. ಆದ್ದರಿಂದ ಹಣ ಸಾಲದಿದ್ದರೂ ಎರಡೂ ಪಾಲುಗಳ ಪಾಯವನ್ನು ಒಟ್ಟಿಗೇ ಮುಗಿಸಬೇಕು, ಮೇಲಂತಸ್ತಿನ ಭಾರವನ್ನೂ ಸೇರಿಸಿಯೇ ಪಿಲ್ಲರ್‌ಗಳನ್ನು ಲೆಕ್ಕ ಹಾಕಿಸಬೇಕು. ಎರೆಯ ಪದರ ಆಳವಾಗಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗೆಡ್ಡೆಯಂತೆ ದಪ್ಪಗಾಗುವ ಅಂಡರ್‌ರೀಮ್ಡ್ ಪೈಲ್‌ಗಳ ಬಗ್ಗೆ ಎಂಜಿನಿಯರ್ ಜೊತೆ ಮಾತನಾಡಬೇಕು. ಬಳ್ಳಾರಿಯ ಗುಡ್ಡಗಳ ಅಂಚಿನಲ್ಲಿ ಬಂಡೆ ಬೇಗ ಸಿಕ್ಕಬಹುದು. ಪಕ್ಕದ ಮನೆಯವರ ಪಾಯ ನಮ್ಮ ಪಾಯಕ್ಕೆ ಆಧಾರವಲ್ಲ, ಮಣ್ಣು ಪರೀಕ್ಷೆಯೇ ಆಧಾರ. ಮುಂದಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳುಗಳನ್ನು ಬಯಲಿಗೆ ಬಿಡದೆ ತೆಳು ಕಾಂಕ್ರೀಟಿನಿಂದ ಮುಚ್ಚಿಸಬೇಕು.

ಅಡುಗೆಮನೆಯ ಮೇಲೆ ಅಡುಗೆಮನೆ, ಬಚ್ಚಲಿನ ಮೇಲೆ ಬಚ್ಚಲು ಬಂದರೆ ಪೈಪು ಉಳಿಯುತ್ತದೆ, ಸೋರಿಕೆ ಹುಡುಕುವುದೂ ಸುಲಭ. ಅಡುಗೆಮನೆ ಆಗ್ನೇಯಕ್ಕೇ ಇರಬೇಕೆಂದು ಹಟ ಹಿಡಿಯುವ ಹಿರಿಯರಿಗೂ ಈ ಏರ್ಪಾಡಿನಿಂದ ಎರಡೂ ಅಂತಸ್ತಿನಲ್ಲಿ ಸಮಾಧಾನ ಸಿಗುತ್ತದೆ. ಅಷ್ಟಕ್ಕೆ ವಾಸ್ತು ನಮಗೆ ಅನುಕೂಲವೇ. ಎರಡನೆಯ ಅಡುಗೆಮನೆ ಇಂದು ಬೇಡವಾದರೆ ಅದನ್ನು ಸಾಮಾನಿನ ಕೋಣೆಯಾಗಿ ಬಳಸುತ್ತ, ನೀರಿನ ಮತ್ತು ಬಚ್ಚಲ ನೀರಿನ ಪೈಪುಗಳನ್ನು ಮಾತ್ರ ಎಳೆದು ಮುಚ್ಚಳ ಹಾಕಿಡಬೇಕು. ಸಂಪು ಒಂದೇ ಇರಲಿ, ಮಾಳಿಗೆಯ ಮೇಲಿನ ಟ್ಯಾಂಕುಗಳು ಎರಡಿರಲಿ; ಯಾರ ಟ್ಯಾಂಕು ಯಾರು ಖಾಲಿ ಮಾಡಿದರೆಂಬ ಜಗಳ ಅಲ್ಲಿಗೆ ನಿಲ್ಲುತ್ತದೆ. ಚೇಂಬರುಗಳನ್ನು ಪಾಯದಿಂದ ಆದಷ್ಟು ದೂರವಿಡಬೇಕು, ಏಕೆಂದರೆ ಎರೆಮಣ್ಣಿನಲ್ಲಿ ಸೋರುವ ಒಂದು ಚೇಂಬರು ಪಾಯದ ಒಂದು ಮೂಲೆಯನ್ನಷ್ಟೇ ಎತ್ತಿಬಿಡಬಲ್ಲದು.

ವಿದ್ಯುತ್ತಿಗೆ ಎರಡು ಮೀಟರುಗಳ ಜಾಗವನ್ನೂ, ಪ್ರತಿ ಪಾಲಿಗೆ ಪ್ರತ್ಯೇಕ ವೈರಿಂಗ್ ಮತ್ತು ಡಿಸ್ಟ್ರಿಬ್ಯೂಷನ್ ಬೋರ್ಡನ್ನೂ ಮೊದಲೇ ಮಾಡಿಸಬೇಕು. ಗೃಹಜ್ಯೋತಿಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್; ಎರಡು ಸಂಸಾರಗಳ ಕೂಲರು, ಫ್ರಿಜ್ಜು ಒಂದೇ ಮೀಟರಿನಲ್ಲಿ ಓಡಿದರೆ ಬೇಸಿಗೆಯಲ್ಲಿ ಅದನ್ನು ದಾಟುವುದು ಕಷ್ಟವೇನಲ್ಲ, ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಎರಡನೆಯ ಸಂಪರ್ಕಕ್ಕೆ ಏನೇನು ದಾಖಲೆ ಬೇಕೆಂದು ಜೆಸ್ಕಾಂ ಕಚೇರಿಯಲ್ಲಿ ಮನೆ ಕಟ್ಟುವ ಮುನ್ನವೇ ಕೇಳಿಕೊಳ್ಳುವುದು ಲೇಸು.

ನಮ್ಮ ಕಡೆಯ ಬಿಸಿಲು ಪಾಲು ಹಂಚುವಾಗಲೂ ಲೆಕ್ಕಕ್ಕೆ ಬರಬೇಕು. 40 ಡಿಗ್ರಿ ದಾಟುವ ದಿನಗಳಲ್ಲಿ ಸ್ಲ್ಯಾಬಿನ ಕೆಳಗಿನ ಮೇಲ್ಮನೆಯೂ ನೆರಳಿನ ಕೆಳಮನೆಯೂ ಸಮಾನ ಪಾಲುಗಳಲ್ಲ. ಮಾಳಿಗೆಗೆ ಸುಣ್ಣ ಅಥವಾ ಬಿಳಿ ಟೈಲ್ಸ್ ಹಾಕಿಸಿ, ಪಡುವಣ ಗೋಡೆಗೆ ಮಲಗುವ ಕೋಣೆಯ ಬದಲು ಬಚ್ಚಲು, ಕಪಾಟು, ಮೆಟ್ಟಿಲುಗಳನ್ನು ಒರಗಿಸಿದರೆ ಅಂತರ ಕಡಿಮೆಯಾಗುತ್ತದೆ. ಮಾಳಿಗೆಯ ದಾರಿ ಯಾವ ಕಾರಣಕ್ಕೂ ಮೇಲ್ಮನೆಯ ಒಳಗಿಂದ ಹೋಗಬಾರದು: ಬೇಸಿಗೆಯ ರಾತ್ರಿ ಮಲಗುವುದು, ಸಂಡಿಗೆ ಇಡುವುದು, ಮೆಣಸಿನಕಾಯಿ ಒಣಗಿಸುವುದು ಎಲ್ಲವೂ ಅಲ್ಲೇ ಆದ್ದರಿಂದ, ಮೆಟ್ಟಿಲು ಮೇಲ್ಮನೆಯ ಬಾಗಿಲಿನ ಹೊರಗಿಂದಲೇ ಮುಂದುವರಿದು ಮಾಳಿಗೆ ಮುಟ್ಟಬೇಕು.

ಗೋಡೆಯಿಂದ ಬೇರೆಯಾದ ಮಾತ್ರಕ್ಕೆ ಮನೆ ಕಾನೂನಿನಲ್ಲಿ ಬೇರೆಯಾಗುವುದಿಲ್ಲ. ಸ್ಥಳೀಯ ಸಂಸ್ಥೆಗೆ ಕೊಡುವ ನಕ್ಷೆಯಲ್ಲಿಯೇ ಎರಡು ವಾಸದ ಘಟಕಗಳನ್ನು ತೋರಿಸಿ ಪರವಾನಗಿ ಪಡೆಯಬೇಕು. ಮುಂದೆ ಪಾಲಾದಾಗ ವಿಭಾಗಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ ಆಮೇಲೆ ಖಾತೆಯ ಮಾತಿಗೆ ಹೋಗಬೇಕು. ಪಿತ್ರಾರ್ಜಿತ ನಿವೇಶನವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಇಬ್ಬರು ಅಣ್ಣತಮ್ಮಂದಿರಿಗೆಂದು ಎರಡೇ ಪಾಲಿನ ನಕ್ಷೆ ಬರೆಸುವ ಮುನ್ನ ಅಕ್ಕತಂಗಿಯರನ್ನೂ ಕೂರಿಸಿಕೊಂಡು ಮಾತನಾಡಬೇಕು. ಗಿಲಾವು ಮಾಡುವ ಮುನ್ನ ಪ್ರತಿ ಗೋಡೆಯ ಪೈಪು, ವೈರುಗಳ ಫೋಟೋಗಳನ್ನು ಅಳತೆಯ ಟೇಪು ಕಾಣುವಂತೆ ತೆಗೆದು, ನಕ್ಷೆಯ ಪ್ರತಿಯೊಂದಿಗೆ ಎರಡೂ ಪಾಲಿನವರ ಬಳಿ ಇಟ್ಟಿರಬೇಕು.