ತಾನಾಗಿ ಮುಳುಗಿತಾ, ಯಾರಾದರೂ ಮುಳುಗಿಸಿದರಾ?

ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುವಾಗ ಮುಳುಗುವ, ಧುಮುಕುವ ಕ್ರಿಯಾಪದ ಬಂದರೆ ನಾನು ಮೊದಲು ನಿಘಂಟು ತೆಗೆಯುವುದಿಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ತಾನಾಗಿ ಮುಳುಗಿತಾ, ಯಾರಾದರೂ ಮುಳುಗಿಸಿದರಾ? ಒಳಗೇ ಉಳಿಯುತ್ತದಾ, ಮತ್ತೆ ಮೇಲೆ ಬರುತ್ತದಾ?

ನಿಘಂಟಿನಲ್ಲಿ ‘ಸುಮೆರ್ಹಿರ್’ ಅಂದರೆ ಸಬ್‌ಮರ್ಜ್, ‘ಉಂದಿರ್’ ಅಂದರೆ ಸಿಂಕ್, ‘ಸಾಂಬುಯಿರ್ಸೆ’ ಅಂದರೆ ಡೈವ್. ಸುಳ್ಳೇನಲ್ಲ. ಆದರೆ ಇಷ್ಟನ್ನೇ ನಂಬಿ ಕೂತರೆ ಅಡುಗೆ ಪುಸ್ತಕದ ಟೊಮೆಟೊ ಕೂಡ ಜಲಾಂತರ್ಗಾಮಿಯ ಹಾಗೆ ಮುಳುಗುತ್ತದೆ! ಸಿಪ್ಪೆ ಬಿಡಿಸಲು ಟೊಮೆಟೊವನ್ನು ಕುದಿಯುವ ನೀರಿಗೆ ಹಾಕಿ ತೆಗೆಯುವುದಕ್ಕೂ ಸ್ಪ್ಯಾನಿಷ್‌ನಲ್ಲಿ ಸುಮೆರ್ಹಿರ್ ನಡೆಯುತ್ತದೆ. ಇಂಗ್ಲಿಷಿನಲ್ಲಿ ನಾನು ಪ್ಲಂಜ್ ಅಥವಾ ಸುಮ್ನೆ ಡ್ರಾಪ್ ಬರೆಯುತ್ತೇನೆ. ಚಾಕೊಲೇಟಿನಲ್ಲಿ ಚುರ್ರೋ ಎಂಬ ಕರಿದ ತಿಂಡಿ ಅದ್ದುವುದಕ್ಕೆ ಸ್ಪೇನಿನವರು ‘ಮೊಹಾರ್’ ಅನ್ನುತ್ತಾರೆ, ಅಂದರೆ ಒದ್ದೆ ಮಾಡುವುದು. ಇಂಗ್ಲಿಷಿಗೆ ಬಂದಾಗ ಅದು ಡಂಕ್. ಮಿಕ್ಸಿಯ ಕೈಪಿಡಿಯಲ್ಲಿ ‘ನೀರಿನಲ್ಲಿ ಮುಳುಗಿಸಬೇಡಿ’ ಎಂದಿದ್ದರೆ ಇಮ್ಮರ್ಸ್. ಬೋರ್‌ವೆಲ್‌ಗೆ ಇಳಿಸುವ ‘ಬೊಂಬಾ ಸುಮೆರ್ಹಿಬ್ಲೆ’ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಮ್ಮ ರೈತರೆಲ್ಲರಿಗೂ ಗೊತ್ತಿರುವ ಸಬ್‌ಮರ್ಸಿಬಲ್ಲೇ ಅದು.

ನಾನು ಜಾಸ್ತಿ ಹೊತ್ತು ಕೂರುವುದು ‘ಉಂದಿರ್’ ಮುಂದೆ. 1982ರ ಮೇ 2ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಜಲಾಂತರ್ಗಾಮಿಯೊಂದು ಅರ್ಜೆಂಟೀನಾದ ಹಡಗು ಜನರಲ್ ಬೆಲ್‌ಗ್ರಾನೊ ಮೇಲೆ ಟಾರ್ಪಿಡೊ ಬಿಟ್ಟಿತು. 323 ಜನ ಸತ್ತರು. ಈ ಹಡಗಿನ ಬಗ್ಗೆ ‘ಸೆ ಉಂದಿಯೊ’ ಎಂದರೆ ಮುಳುಗಿತು, ‘ಫುಎ ಉಂದಿದೊ’ ಎಂದರೆ ಮುಳುಗಿಸಲಾಯಿತು. ಮೊದಲನೆಯದಕ್ಕೆ ಸ್ಯಾಂಕ್, ಎರಡನೆಯದಕ್ಕೆ ವಾಸ್ ಸಂಕ್. ಮೂಲದಲ್ಲಿ ಎರಡನೆಯದು ಇದ್ದಾಗ, ವಾಕ್ಯ ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ ಅಂತ ಮೊದಲನೆಯದನ್ನು ಹಾಕಿದರೆ ಟಾರ್ಪಿಡೊ ಬಿಟ್ಟವರೇ ಮಾಯ. ಸಂಪಾದಕರು ಕೇಳಿದರೂ ನಾನು ಇಲ್ಲಿ ಬಗ್ಗುವುದಿಲ್ಲ. ‘ಉಂದಿಮಿಯೆಂತೊ’ ಎಂಬ ನಾಮಪದ ಬಂದರೆ ಮಾತ್ರ ನಿರಾಳ. ಅದೂ, ಇಂಗ್ಲಿಷಿನ ಸಿಂಕಿಂಗೂ ಯಾರು ಮಾಡಿದರೆಂದು ಹೇಳುವುದಿಲ್ಲ.

ಇದೇ ಕ್ರಿಯಾಪದಕ್ಕೆ ನೀರೇ ಬೇಕೆಂದಿಲ್ಲ. ಛಾವಣಿ ‘ಸೆ ಉಂದಿಯೊ’ ಅಂದರೆ ಕುಸಿದು ಬಿತ್ತು, ಇಂಗ್ಲಿಷಿನಲ್ಲಿ ಕೇವ್ಡ್ ಇನ್. ಷೇರುಪೇಟೆಯಾದರೆ ಪ್ಲಂಜ್ಡ್. ಚಾಕುವನ್ನು ಎದೆಗೆ ಇಳಿಸಿದರೂ ಪ್ಲಂಜ್ಡ್. ಊರನ್ನು ಕತ್ತಲೆಗೆ ತಳ್ಳುವುದಕ್ಕೆ ‘ಸುಮಿರ್’ ಎಂಬ ಬೇರೆ ಪದವಿದೆ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ನಲ್ಲಿ ಕರೆಂಟ್ ಹೋಯಿತಲ್ಲ, ಅಂಥ ಸುದ್ದಿಗೆ ಹೊಂದುವ ಪದ. ಇಲ್ಲೂ ಪ್ಲಂಜ್ ಸರಿಯಾಗಿ ಕೂರುತ್ತದೆ.

ಊರುಗಳ ವಿಷಯಕ್ಕೆ ಬಂದರೆ, ಸ್ಪೇನಿನ ಗಲಿಸಿಯಾ ಪ್ರಾಂತ್ಯದ ಅಸೆರೆದೊ ಹಳ್ಳಿ 1992ರಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಸೇರಿತು. ಬರ ಬಂದಾಗ ಮನೆಗಳ ಗೋಡೆ ಮತ್ತೆ ಕಾಣುತ್ತವೆ. ‘ಪ್ವೆಬ್ಲೊ ಸುಮೆರ್ಹಿದೊ’ಗೆ ನಾನು ಡ್ರೌಂಡ್ ವಿಲೇಜ್ ಬಳಸುತ್ತೇನೆ. ಸಬ್‌ಮರ್ಜ್ಡ್ ಎಂದರೆ ಎಂಜಿನಿಯರ್ ವರದಿಯ ವಾಸನೆ. ಕನ್ನಡಕ್ಕಾಗಿದ್ದರೆ ಲಿಂಗನಮಕ್ಕಿ, ಆಲಮಟ್ಟಿ ನಮಗೆ ಕಲಿಸಿಕೊಟ್ಟ ‘ಮುಳುಗಡೆ’ ಇತ್ತು.

ಧುಮುಕುವುದರಲ್ಲಿ ದೇಶ ನೋಡಬೇಕು. ಅಕಾಪುಲ್ಕೊದ ಲಾ ಕೆಬ್ರಾದಾದಲ್ಲಿ ಸುಮಾರು 35 ಮೀಟರ್ ಎತ್ತರದ ಬಂಡೆಯಿಂದ ಸಮುದ್ರಕ್ಕೆ ಹಾರುವುದನ್ನು ಮೆಕ್ಸಿಕೊದವರು ‘ಕ್ಲಾವಾದೊ’ ಅನ್ನುತ್ತಾರೆ. ಅದು ಡೈವ್. ಬೇಸಿಗೆಯಲ್ಲಿ ಮಕ್ಕಳು ಕೊಳಕ್ಕೆ ಬಿದ್ದು ಏಳುವ ‘ಚಪುಸೋನ್’ಗೆ ಡೈವ್ ಭಾರ, ಕ್ವಿಕ್ ಡಿಪ್ ಸಾಕು. ‘ಸಾಂಬುಯಿರ್ಸೆ’ ಇವೆರಡರ ನಡುವೆ ಓಡಾಡುತ್ತದೆ. ತಲೆ ಮೊದಲು ನೀರಿಗೆ ಹೋಯಿತೆಂದು ಮೂಲ ಹೇಳದಿದ್ದರೆ ಪ್ಲಂಜ್ಡ್ ಇನ್ ಎಂದು ಬಿಡುತ್ತೇನೆ.

ಕೊನೆಗೆ ‘ಎಕೊನೊಮಿಯಾ ಸುಮೆರ್ಹಿದಾ’, ಪದಕ್ಕೆ ಪದ ಇಟ್ಟರೆ ‘ಮುಳುಗಿದ ಆರ್ಥಿಕತೆ’. ತೆರಿಗೆ ಕಟ್ಟದೆ, ಲೆಕ್ಕಕ್ಕೆ ಸಿಗದೆ ನಡೆಯುವ ವ್ಯವಹಾರ. ಇಂಗ್ಲಿಷಿನಲ್ಲಿ ಶ್ಯಾಡೊ ಎಕಾನಮಿ. ಹೊಸಬರ ಕರಡು ತಿದ್ದಲು ಕೊಟ್ಟರೆ, ಇದನ್ನು ಸಬ್‌ಮರ್ಜ್ಡ್ ಎಕಾನಮಿ ಮಾಡಿದ್ದಾರಾ ಎಂದೇ ನಾನು ಮೊದಲು ಹುಡುಕುವುದು.