ಪಿಯುಸಿ ಕ್ಲಾಸಿಗೆ ಆಧುನಿಕ ಭೌತಶಾಸ್ತ್ರ: ಪುಕ್ಕಟೆ ಸಿಗುವುದರಲ್ಲಿ ಯಾವುದನ್ನು ಹಿಡಿಯಬೇಕು, ಹೇಗೆ ಬಳಸಬೇಕು

ಸೆಕೆಂಡ್ ಪಿಯುಸಿ ಭೌತಶಾಸ್ತ್ರದ ಕೊನೆಯ ನಾಲ್ಕು ಪಾಠಗಳ ಗತಿ ನಿಮಗೆ ಗೊತ್ತೇ ಇದೆ. ಬೆಳಕು ಮತ್ತು ದ್ರವ್ಯದ ದ್ವಂದ್ವ ಸ್ವಭಾವ, ಪರಮಾಣು, ನ್ಯೂಕ್ಲಿಯಸ್, ಸೆಮಿಕಂಡಕ್ಟರ್. ವರ್ಷದ ಕೊನೆಗೆ ಬರುತ್ತವೆ, ಪೋರ್ಷನ್ ಮುಗಿಸುವ ಅವಸರ ಬೇರೆ. ಸೂತ್ರ ಬರೆದು, ಎರಡು ಲೆಕ್ಕ ಮಾಡಿಸಿ, ಮುಂದಕ್ಕೆ ಹೋಗಿಬಿಡುತ್ತೇವೆ. ಹುಡುಗರಿಗೆ ಇದೆಲ್ಲ ಬರೀ ನಂಬಬೇಕಾದ ಸಂಗತಿ ಆಗಿಬಿಡುತ್ತದೆ.

ನೆಟ್‌ನಲ್ಲಿ ಪುಕ್ಕಟೆ ಸಾಮಗ್ರಿಗೆ ಬರವಿಲ್ಲ. ಜಾಸ್ತಿ ಇರುವುದೇ ತೊಂದರೆ. ಹಾಗಾಗಿ ನನ್ನ ಪದ್ಧತಿ ಸರಳ: ಒಂದು ಪಾಠಕ್ಕೆ ಒಂದು ಸಿಮ್ಯುಲೇಶನ್ (ಕಂಪ್ಯೂಟರ್ ಪರದೆ ಮೇಲೆ ನಡೆಸುವ ಅಣಕು ಪ್ರಯೋಗ), ಅದರ ಜೊತೆ ಹುಡುಗರೇ ಕೈಯಾರೆ ಅಳೆಯುವ ಒಂದು ಕೆಲಸ. ಅಷ್ಟೇ ಸಾಕು. ವಿಡಿಯೋಗಳನ್ನು ನಾನು ಆದಷ್ಟು ದೂರ ಇಡುತ್ತೇನೆ. ವಿಡಿಯೋ ಹಾಕಿದರೆ ಕ್ಲಾಸು ಚೆನ್ನಾಗಿ ಸುಮ್ಮನಿರುತ್ತದೆ, ಆದರೆ ಸುಮ್ಮನಿರುವುದೇ ಕಲಿಕೆ ಅಲ್ಲವಲ್ಲ.

ಮೊದಲು ಫೆಟ್ (PhET), ಇಂಥ ಸಿಮ್ಯುಲೇಶನ್‌ಗಳ ವೆಬ್‌ಸೈಟ್. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ್ದು, ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಇದರ ಹಿಂದಿದ್ದವರು. ದುಡ್ಡು ಕೊಡಬೇಕಿಲ್ಲ. ಕೆಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಹೊಸ ಮಾದರಿಯವನ್ನು ಒಮ್ಮೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ನೆಟ್ ಇಲ್ಲದಿದ್ದರೂ ಬ್ರೌಸರ್‌ನಲ್ಲಿ ತೆರೆಯುತ್ತವೆ. ಹಳೆಯ ಜಾವಾ ಮಾದರಿಯವು ಮೊಬೈಲ್‌ನಲ್ಲಿ ಸತಾಯಿಸುತ್ತವೆ, ಅವಕ್ಕೆ ಕಂಪ್ಯೂಟರ್ರೇ ಸರಿ. ಕ್ಲಾಸಿನ ಹಿಂದಿನ ದಿನ ಒಮ್ಮೆ ತೆರೆದು ನೋಡಿಕೊಳ್ಳಿ.

ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವುದೇ ಫೋಟೋಎಲೆಕ್ಟ್ರಿಕ್ ಎಫೆಕ್ಟ್. ಅದರ ಸಿಮ್ಯುಲೇಶನ್ ತೆಗೆದ ತಕ್ಷಣ ಗುಂಡಿ ಒತ್ತಲು ಹೋಗಬೇಡಿ. ಮೊದಲು ಒಂದು ಪ್ರಶ್ನೆ ಕೇಳಿ: "ಸೋಡಿಯಂ ತಟ್ಟೆ ಮೇಲೆ ಕೆಂಪು ಬೆಳಕು ಬಿಡ್ತೀನಿ, ಎಲೆಕ್ಟ್ರಾನ್ ಬರ್ತಿಲ್ಲ. ಬೆಳಕನ್ನ ಪೂರ್ತಿ ಜೋರು ಮಾಡಿದ್ರೆ ಬರುತ್ತಾ?" ಕೈ ಎತ್ತಿಸಿ, ಎಣಿಸಿ, ಬೋರ್ಡ್ ಮೇಲೆ ಬರೆಯಿರಿ. "ಬರುತ್ತೆ" ಅನ್ನುವವರೇ ಜಾಸ್ತಿ ಇರುತ್ತಾರೆ. ಈಗ ತೀವ್ರತೆಯನ್ನು ನೂರಕ್ಕೆ ಏರಿಸಿ. ಒಂದೂ ಬರುವುದಿಲ್ಲ. ಆಮೇಲೆ ತೀವ್ರತೆ ತೀರಾ ಇಳಿಸಿ, ತರಂಗಾಂತರವನ್ನು ನಿಧಾನಕ್ಕೆ ಕಡಿಮೆ ಮಾಡುತ್ತಾ ಬನ್ನಿ. ಹಸಿರು ಬಣ್ಣದ ಹತ್ತಿರ, ಸುಮಾರು 540 ನ್ಯಾನೋಮೀಟರ್‌ನಲ್ಲಿ, ಎಲೆಕ್ಟ್ರಾನ್ ಒಂದೊಂದಾಗಿ ಹೊರಡುತ್ತದೆ. ಐನ್‌ಸ್ಟೈನ್ 1905ರಲ್ಲಿ ಹೇಳಿದ್ದು ಇದನ್ನೇ, ಆದರೆ ಮೊದಲೇ ತಪ್ಪು ಊಹೆ ಮಾಡಿದ ಹುಡುಗನಿಗೆ ಮಾತ್ರ ಅದು ತಟ್ಟುತ್ತದೆ. ಲೋಹಗಳ ಪಟ್ಟಿಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಗುಪ್ತ ಲೋಹ ಒಂದಿದೆ. ಅದರ ಕಾರ್ಯಫಲನ (ಎಲೆಕ್ಟ್ರಾನ್ ಹೊರತೆಗೆಯಲು ಬೇಕಾದ ಕನಿಷ್ಠ ಶಕ್ತಿ) ಕಂಡುಹಿಡಿದುಕೊಂಡು ಬನ್ನಿ ಅಂತ ಮನೆಗೆಲಸ ಕೊಡಿ, ಯಾವ ಗೈಡ್‌ನಿಂದ ಕಾಪಿ ಹೊಡೆಯುತ್ತಾರೋ ನೋಡೋಣ.

ಇದರ ಜೊತೆಗಿನ ಕೈಕೆಲಸ ಎಲ್‌ಇಡಿಯಿಂದ ಪ್ಲಾಂಕ್ ಸ್ಥಿರಾಂಕ, ಅಂದರೆ ಬೆಳಕಿನ ಆವೃತ್ತಿಗೂ ಅದರ ಕಣದ ಶಕ್ತಿಗೂ ಇರುವ ನಂಟು ಹೇಳುವ ಸಂಖ್ಯೆ, ಅಳೆಯುವುದು. ಇದನ್ನು ಮಾಡಿಸದೆ ಪಾಠ ಮುಗಿಸಬೇಡಿ ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಕೆನಡಾದ ಪೆರಿಮೀಟರ್ ಇನ್‌ಸ್ಟಿಟ್ಯೂಟ್‌ನವರು ಶಿಕ್ಷಕರಿಗಾಗಿ ಇದರ ಕೈಪಿಡಿ, ವರ್ಕ್‌ಶೀಟ್ ಎಲ್ಲ ಪುಕ್ಕಟೆ ಕೊಡುತ್ತಾರೆ. ಸಾಮಾನು ಇಷ್ಟೇ: ಒಂದು 9 ವೋಲ್ಟ್ ಬ್ಯಾಟರಿ, 1 ಕಿಲೋಓಮ್ ಪೊಟೆನ್ಶಿಯೋಮೀಟರ್, 330 ಓಮ್ ರೆಸಿಸ್ಟರ್, ಒಂದು ಮಲ್ಟಿಮೀಟರ್, ಕೆಂಪು, ಹಳದಿ, ಹಸಿರು, ನೀಲಿ ಎಲ್‌ಇಡಿಗಳು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎಲ್‌ಇಡಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಬೆಂಗಳೂರಿನವರಿಗಂತೂ ಎಸ್.ಪಿ. ರೋಡ್ ಇದ್ದೇ ಇದೆ. ಬಿಳಿ ಎಲ್‌ಇಡಿ ಮಾತ್ರ ತರಬೇಡಿ. ಅದರೊಳಗಿರುವುದು ನೀಲಿ ಚಿಪ್ಪೇ, ಮೇಲೆ ಹಳದಿ ಲೇಪ ಇರುತ್ತದೆ, ಲೆಕ್ಕ ಕೆಡುತ್ತದೆ. ಗಾಜಿನಂತೆ ಪಾರದರ್ಶಕ ಇರುವುದನ್ನೇ ಕೇಳಿ, ಪ್ರತಿ ಬಣ್ಣದ ತರಂಗಾಂತರ ಎಷ್ಟು ಅಂತಲೂ ಕೇಳಿಕೊಳ್ಳಿ.

ಪೊಟೆನ್ಶಿಯೋಮೀಟರ್‌ನ ಎರಡು ತುದಿ ಬ್ಯಾಟರಿಗೆ, ನಡುಕಾಲು ರೆಸಿಸ್ಟರ್ ಮೂಲಕ ಎಲ್‌ಇಡಿಯ ಉದ್ದ ಕಾಲಿಗೆ, ಗಿಡ್ಡ ಕಾಲು ಬ್ಯಾಟರಿಯ ಮೈನಸ್‌ಗೆ. ಮಲ್ಟಿಮೀಟರ್ ಎಲ್‌ಇಡಿಯ ಎರಡು ಕಾಲಿಗೆ ಅಡ್ಡಲಾಗಿ. ಕಪ್ಪು ಕಾಗದ ಸುರುಳಿ ಸುತ್ತಿ ಕೊಳವೆ ಮಾಡಿ ಎಲ್‌ಇಡಿ ಮೇಲೆ ಕೂರಿಸಿ, ಒಬ್ಬರು ಅದರೊಳಗೆ ಇಣುಕಲಿ, ಇನ್ನೊಬ್ಬರು ಪೊಟೆನ್ಶಿಯೋಮೀಟರ್‌ನ ಗುಂಡಿ ತಿರುಗಿಸಲಿ. "ಬಂತು!" ಅಂದ ಕ್ಷಣ ಮೀಟರ್ ಎಷ್ಟು ತೋರಿಸುತ್ತದೋ ಅದನ್ನು ಬರೆದುಕೊಳ್ಳಿ. ಒಂದೊಂದು ಬಣ್ಣಕ್ಕೂ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಈಗ ಆವೃತ್ತಿ ಅಡ್ಡಕ್ಕೆ, ವೋಲ್ಟೇಜ್ ಉದ್ದಕ್ಕೆ ಹಾಕಿ ಗ್ರಾಫ್. 630 ನ್ಯಾನೋಮೀಟರ್ ಕೆಂಪಿಗೆ 1.7 ವೋಲ್ಟ್, 470 ನ್ಯಾನೋಮೀಟರ್ ನೀಲಿಗೆ 2.4 ವೋಲ್ಟ್ ಬಂತು ಅಂದುಕೊಳ್ಳಿ. ಆವೃತ್ತಿಗಳ ವ್ಯತ್ಯಾಸ 1.62 × 10¹⁴ ಹರ್ಟ್ಸ್, ವೋಲ್ಟೇಜ್ ವ್ಯತ್ಯಾಸ 0.7. ಭಾಗಿಸಿ, ಎಲೆಕ್ಟ್ರಾನ್ ಆವೇಶದಿಂದ ಗುಣಿಸಿದರೆ 6.9 × 10⁻³⁴ ಬರುತ್ತದೆ. ಪುಸ್ತಕದಲ್ಲಿರುವುದು 6.63. ಬೆರಳ ತುದಿಯಷ್ಟಿರುವ ಎಲ್‌ಇಡಿಯಿಂದ ಇಷ್ಟು ಹತ್ತಿರ ಬಂದರೆ ಸಾಲದೇ? ಹಸಿರು ಬಿಂದು ಕೆಲವೊಮ್ಮೆ ಗೆರೆ ಬಿಟ್ಟು ಆಚೆ ನಿಲ್ಲುತ್ತದೆ. ಅದನ್ನು ಅಳಿಸಿ ಸರಿಮಾಡಲು ಬಿಡಬೇಡಿ. ಯಾಕೆ ಹಾಗಾಯ್ತು ಅಂತ ಕೇಳಿ. ಬೇರೆ ಬೇರೆ ಬಣ್ಣದ ಎಲ್‌ಇಡಿ ಬೇರೆ ಬೇರೆ ವಸ್ತುವಿನಿಂದ ಮಾಡಿದ್ದು, "ಶುರುವಾಯ್ತು" ಅನ್ನುವುದೂ ನೋಡುವವರ ಕಣ್ಣಿನ ಮೇಲಿದೆ ಅನ್ನುವುದು ಚರ್ಚೆಯಲ್ಲಿ ತಾನಾಗಿಯೇ ಬರುತ್ತದೆ. ಸೆಮಿಕಂಡಕ್ಟರ್ ಪಾಠಕ್ಕೆ ಹೋದಾಗ ಬ್ಯಾಂಡ್ ಗ್ಯಾಪ್ (ವಸ್ತುವಿನೊಳಗೆ ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ) ಹೇಳಲು ಇದೇ ಗ್ರಾಫ್ ಮತ್ತೆ ತೆಗೆಯಿರಿ, ಅರ್ಧ ಕೆಲಸ ಆಗಿರುತ್ತದೆ.

ಪರಮಾಣು ಪಾಠಕ್ಕೆ ಫೆಟ್‌ನ ರುದರ್‌ಫೋರ್ಡ್ ಸಿಮ್ಯುಲೇಶನ್ ಸಾಕು, ನ್ಯೂಕ್ಲಿಯಸ್ ಕಡೆ ಹಾರಿಸಿದ ಆಲ್ಫಾ ಕಣಗಳು ಹೇಗೆ ಬಾಗುತ್ತವೆ ಅಂತ ತೋರಿಸುತ್ತದೆ. ಅದರಲ್ಲಿ ಪ್ರೋಟಾನ್, ನ್ಯೂಟ್ರಾನ್ ಎರಡಕ್ಕೂ ಬೇರೆ ಬೇರೆ ಸ್ಲೈಡರ್ ಇದೆ. ಪ್ರೋಟಾನ್ ಜಾಸ್ತಿ ಮಾಡಿದರೆ ಆಲ್ಫಾ ಕಣ ಜಾಸ್ತಿ ಬಾಗುತ್ತದೆ, ನ್ಯೂಟ್ರಾನ್ ಎಷ್ಟೇ ಸೇರಿಸಿ, ದಾರಿ ಬದಲಾಗುವುದಿಲ್ಲ. ಅದು ಯಾಕೆ ಅಂತ ಹುಡುಗರಿಂದಲೇ ಹೇಳಿಸಿ. ನಿಜವಾದ ಪ್ರಯೋಗದಲ್ಲಿ ಸುಮಾರು 8000ಕ್ಕೆ ಒಂದು ಕಣ ಮಾತ್ರ 90 ಡಿಗ್ರಿಗಿಂತ ಜಾಸ್ತಿ ತಿರುಗಿದ್ದು ಅಂತಲೂ ಹೇಳಿ, ಇಲ್ಲದಿದ್ದರೆ ಸಿಮ್ಯುಲೇಶನ್ ನೋಡಿದವರಿಗೆ ಎಲ್ಲ ಕಣವೂ ಬಾಗುತ್ತದೆ ಅನ್ನಿಸಿಬಿಡುತ್ತದೆ. ಅಲ್ಲಿ ನ್ಯೂಕ್ಲಿಯಸ್ಸನ್ನು ತುಂಬಾ ಹತ್ತಿರದಿಂದ ತೋರಿಸಿರುತ್ತಾರೆ, ಅದಕ್ಕೆ.

ರೋಹಿತಕ್ಕೆ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವುದಕ್ಕೆ) ಹಳೆಯ ಸಿಡಿ ಒಂದಿದ್ದರೆ ಆಯ್ತು. ರಟ್ಟಿನ ಡಬ್ಬಿಗೆ ಒಂದು ಕಡೆ ಸಣ್ಣ ಸೀಳು, ಒಳಗೆ ಓರೆಯಾಗಿ ಸಿಡಿ ತುಂಡು, ಮೇಲೊಂದು ಇಣುಕು ಕಿಂಡಿ. ಸಿಡಿಯ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಹಾಗಾಗಿ ಅದೇ ಗ್ರೇಟಿಂಗ್, ಅಂದರೆ ಬಣ್ಣ ಬಿಡಿಸುವ ಸಾಲುಪಟ್ಟಿ. ಹಳೆಯ ಟ್ಯೂಬ್‌ಲೈಟ್ ನೋಡಿದರೆ ಪಾದರಸದ 546 ನ್ಯಾನೋಮೀಟರ್ ಹಸಿರು ಗೆರೆ ಎದ್ದು ಕಾಣುತ್ತದೆ, ಪಕ್ಕದ ಎಲ್‌ಇಡಿ ಬಲ್ಬ್ ನೋಡಿದರೆ ಬಣ್ಣಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಸೂರ್ಯನ ಕಡೆ ಮಾತ್ರ ಯಾರೂ ತಿರುಗಿಸದಂತೆ ಮೊದಲೇ ಗದರಿಸಿ.

ಅರ್ಧಾಯುಷ್ಯ (ವಿಕಿರಣಶೀಲ ವಸ್ತುವಿನ ಅರ್ಧ ಪಾಲು ಕ್ಷಯಿಸಲು ಬೇಕಾದ ಕಾಲ) ಹೇಳಲು ನೂರು ಹುಣಸೆ ಬೀಜ ಬೇಕು. ಚೌಕಾಬಾರಕ್ಕೆ ಮಾಡುತ್ತೇವಲ್ಲ, ಹಾಗೆ ಒಂದು ಮುಖ ಉಜ್ಜಿ ಬೆಳ್ಳಗೆ ಮಾಡಿಸಿ. ಎಲ್ಲವನ್ನೂ ಚೆಲ್ಲಿ, ಬಿಳಿ ಮುಖ ಮೇಲಾಗಿ ಬಿದ್ದವು "ಕ್ಷಯಿಸಿದವು" ಅಂತ ಪಕ್ಕಕ್ಕಿಟ್ಟು, ಉಳಿದವನ್ನು ಎಣಿಸಿ, ಮತ್ತೆ ಚೆಲ್ಲಿ. ವಿದೇಶಿ ವರ್ಕ್‌ಶೀಟ್‌ಗಳಲ್ಲಿ ನಾಣ್ಯದಿಂದ ಮಾಡಿಸುತ್ತಾರೆ, ಅದರಲ್ಲಿ ಉತ್ತರ ಮೊದಲೇ ಗೊತ್ತು: ಒಂದು ಎಸೆತಕ್ಕೆ ಅರ್ಧ. ಹುಣಸೆ ಬೀಜ ಹಾಗಲ್ಲ. ಎರಡೂ ಮುಖ ಸರಿಸಮ ಬೀಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಹಾಗಾಗಿ ಗ್ರಾಫ್ ಹಾಕಿ ಕ್ಷಯ ಸ್ಥಿರಾಂಕವನ್ನು (ಎಷ್ಟು ಬೇಗ ಕ್ಷಯಿಸುತ್ತದೆ ಅನ್ನುವ ಸಂಖ್ಯೆ) ನಿಜವಾಗಿ ಕಂಡುಹಿಡಿಯಲೇಬೇಕು. ಮುಂದೆ ಯಾವ ಬೀಜ ಬೆಳ್ಳಗೆ ಬೀಳುತ್ತದೆ ಅಂತ ಯಾರಿಗೂ ಹೇಳಲಾಗದು, ಆದರೆ ನೂರರಲ್ಲಿ ಎಷ್ಟು ಬೀಳುತ್ತವೆ ಅಂತ ಹೆಚ್ಚುಕಮ್ಮಿ ಹೇಳಬಹುದು. ವಿಕಿರಣಶೀಲತೆಯ ಪಾಠದಲ್ಲಿ ಹುಡುಗರಿಗೆ ಗೊಂದಲ ಆಗುವುದೇ ಈ ಜಾಗದಲ್ಲಿ.

ಕಣ ಭೌತಶಾಸ್ತ್ರ ಪರೀಕ್ಷೆಗೆ ಬರುವುದಿಲ್ಲ. ಆದರೂ ಒಂದು ಪಿರಿಯಡ್ ಮಿಕ್ಕರೆ ಅಮೆರಿಕದ ಕ್ವಾರ್ಕ್‌ನೆಟ್ ನೋಡಿ, ಶಿಕ್ಷಕರಿಗೆ ಕಣ ಭೌತಶಾಸ್ತ್ರದ ಚಟುವಟಿಕೆ ಕೊಡುವ ಯೋಜನೆ. ಅದರಲ್ಲಿ ಟಾಪ್ ಕ್ವಾರ್ಕ್ ಅನ್ನುವ ಮೂಲಕಣದ ದ್ರವ್ಯರಾಶಿ ಕಂಡುಹಿಡಿಯುವ ಚಟುವಟಿಕೆ ಇದೆ. ಅಮೆರಿಕದ ಕಣ ಪ್ರಯೋಗಾಲಯ ಫರ್ಮಿಲ್ಯಾಬ್‌ನ ನಿಜವಾದ ಕಣ ಘರ್ಷಣೆಯ ಚಿತ್ರವನ್ನು ಪ್ರಿಂಟ್ ತೆಗೆದು ಕೊಟ್ಟರೆ ಆಯ್ತು, ಸ್ಕೇಲು ಮತ್ತು ಕೋನಮಾಪಕ ಹಿಡಿದು ಸಂವೇಗದ ಸದಿಶಗಳನ್ನು ಕೂಡಿಸುತ್ತಾ ಹೋಗಬೇಕು. ಫಸ್ಟ್ ಪಿಯುಸಿಯ ವೆಕ್ಟರ್ ಬಂದರೆ ಸಾಕು. ಕೂಡಿಸಿದಾಗ ಮೊತ್ತ ಸೊನ್ನೆ ಆಗಬೇಕು, ಆದರೆ ಬರುವುದಿಲ್ಲ. ಕಾಣೆಯಾದ ಆ ಪಾಲು ಹೊತ್ತುಕೊಂಡು ಹೋಗಿದ್ದು ಡಿಟೆಕ್ಟರ್‌ಗೆ ಸಿಗದ ನ್ಯೂಟ್ರಿನೋ ಅನ್ನುವ ಕಣ. ಆ ಮಾತು ಬಂದಾಗ ಕೋಲಾರದ ಚಿನ್ನದ ಗಣಿಯನ್ನು ಹೇಳದೆ ಬಿಡಬೇಡಿ. 1965ರಲ್ಲಿ ಅಲ್ಲಿ ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್, ಬ್ರಿಟನ್‌ನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯಲ್ಲೂ ಇನ್ನೊಂದು ತಂಡ ಹಿಡಿಯಿತು.

ಯುರೋಪಿನ ಕಣ ಪ್ರಯೋಗಾಲಯ ಸರ್ನ್‌ನವರು ಕ್ಲೌಡ್ ಚೇಂಬರ್ (ಕಣಗಳು ಹಾದುಹೋದ ಜಾಡು ಮಂಜಿನ ಗೆರೆಯಾಗಿ ಕಾಣುವ ಡಬ್ಬಿ) ಮಾಡುವ ಕೈಪಿಡಿಯನ್ನೂ ಪುಕ್ಕಟೆ ಕೊಡುತ್ತಾರೆ. ನೋಡಲು ಬಲು ಚೆಂದ, ಆದರೆ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಬೇಕು, ಅದು ಮೈನಸ್ 78 ಡಿಗ್ರಿ, ಬರಿಗೈಯಲ್ಲಿ ಮುಟ್ಟುವಂತಿಲ್ಲ. ಜೊತೆಗೆ ಬೇಗ ಹೊತ್ತಿಕೊಳ್ಳುವ ಐಸೋಪ್ರೊಪೈಲ್ ಆಲ್ಕೋಹಾಲ್ ಬೇರೆ. ದೊಡ್ಡ ಊರಿನ ಕಾಲೇಜಿನವರು ವಿಜ್ಞಾನ ದಿನಕ್ಕೆ ಒಂದು ಮಾಡಿ, ಕೈಗವಸು ಹಾಕಿಕೊಂಡು, ಕಿಟಕಿ ತೆರೆದಿಟ್ಟು, ಲ್ಯಾಬ್ ಅಟೆಂಡರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು. ಉಳಿದವರು ಇದಕ್ಕೆ ತಲೆ ಕೆಡಿಸಿಕೊಳ್ಳದೆ ಎಲ್‌ಇಡಿ ಪ್ರಯೋಗವನ್ನೇ ಇನ್ನೊಂದು ಸೆಕ್ಷನ್‌ಗೂ ಮಾಡಿಸಿ.