ಹಿಸ್ಟೆರಿಸಿಸ್: ರಿಲೇಯ ಟಕಟಕ ಕಲಿಸಿದ ಪದ

ಮೊಟ್ಟೆ ಮರಿ ಮಾಡುವ ಒಂದು ಪುಟ್ಟ ಪೆಟ್ಟಿಗೆಗೆ ನಾನೇ ಥರ್ಮೋಸ್ಟಾಟ್ ಮಾಡಲು ಕೂತಿದ್ದೆ. ಒಳಗೆ 37.5 ಡಿಗ್ರಿ ಇರಬೇಕು. ಅದಕ್ಕಿಂತ ಇಳಿದರೆ ಬಲ್ಬ್ ಹತ್ತಬೇಕು, ಇಲ್ಲದಿದ್ದರೆ ಆರಬೇಕು. ಇದಕ್ಕೇನು ಮಹಾ ಅಂತ ಎರಡೇ ಸಾಲಿನ ಪ್ರೋಗ್ರಾಂ ಬರೆದೆ.

ಪೆಟ್ಟಿಗೆ ಬಿಸಿಯಾಗಿ 37.5ರ ಹತ್ತಿರ ಬಂತು ನೋಡಿ, ಬಲ್ಬ್ ಹತ್ತಿಸಿ ಆರಿಸುವ ಸ್ವಿಚ್ಚು, ಅಂದರೆ ರಿಲೇ, ಟಕ್, ಟಕ್, ಟಕ್ ಅಂತ ಶುರು ಮಾಡಿತು. ಪರದೆಯಲ್ಲಿ 37.44, 37.50, ಮತ್ತೆ 37.44. ನನ್ನ ಡಿಎಸ್18ಬಿ20 ಸೆನ್ಸರ್ ಅಳೆಯುವುದು 0.0625 ಡಿಗ್ರಿಯ ಹೆಜ್ಜೆಗಳಲ್ಲಿ. ಆ ಒಂದು ಹೆಜ್ಜೆ ಅತ್ತಿತ್ತ ಆದಾಗೆಲ್ಲ ಬಲ್ಬ್ ಹತ್ತಿ ಆರುತ್ತಿತ್ತು.

"ಹಿಸ್ಟೆರಿಸಿಸ್ ಹಾಕು" ಅಂದರು ಗೊತ್ತಿದ್ದವರೊಬ್ಬರು. ನನಗೆ ನೆನಪಾಗಿದ್ದು ಹಿಸ್ಟೀರಿಯಾ. ರಿಲೇಯ ಅವಸ್ಥೆ ನೋಡಿದರೆ ಅದೂ ಸರಿಯೇ ಅನ್ನಿ! ನಿಘಂಟು ತೆಗೆದರೆ ಬೇರೆಯೇ ಕಥೆ. ಹಿಸ್ಟೀರಿಯಾ ಬಂದದ್ದು ಗರ್ಭಕೋಶ ಎಂಬರ್ಥದ ಗ್ರೀಕ್ ಪದ ಹಿಸ್ಟೆರಾದಿಂದ. ಹಿಸ್ಟೆರಿಸಿಸ್ ಅಂದರೆ ಹಿಂದೆ ಬೀಳುವುದು. ಅದರ ಹಿಂದಿರುವ ಹಿಸ್ಟೆರೋಸ್ ಪದಕ್ಕೆ 'ಆಮೇಲಿನ, ತಡವಾದ' ಎಂಬರ್ಥ. ಪದವನ್ನು ವಿಜ್ಞಾನಕ್ಕೆ ತಂದವರು ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್. 1880ರ ದಶಕದ ಆರಂಭ. ಆಗ ಅವರು ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದರು. ಕಬ್ಬಿಣಕ್ಕೆ ಸುತ್ತಿದ ತಂತಿಯಲ್ಲಿ ಕರೆಂಟ್ ಇಳಿಸಿದರೆ ಕಾಂತಶಕ್ತಿ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ, ಹಿಂದೆ ಉಳಿಯುತ್ತದೆ. ಅದಕ್ಕೆ ಈ ಹೆಸರು.

ಈ 'ಹಿಂದೆ ಬೀಳುವುದು' ನನ್ನನ್ನು ದಾರಿ ತಪ್ಪಿಸಿತು. ತಡ ಅಂದರೆ ಸಮಯ ಅಲ್ವಾ ಅಂತ, ಪ್ರೋಗ್ರಾಂನಲ್ಲಿ 5 ಸೆಕೆಂಡು ಸುಮ್ನೆ ಕಾಯಿಸಿದೆ. ರಿಲೇ ಈಗ 5 ಸೆಕೆಂಡಿಗೊಮ್ಮೆ ಟಕ್ ಅಂದಿತು, ಅಷ್ಟೇ.

ಕೊನೆಗೆ ಒಂದು ಉಕ್ಕಿನ ಮೊಳೆಗೆ ತಂತಿ ಸುತ್ತಿ ಬ್ಯಾಟರಿಗೆ ಹಚ್ಚಿ ನೋಡಿದೆ. ಬ್ಯಾಟರಿ ತೆಗೆದ ಮೇಲೂ ಗುಂಡುಪಿನ್ನು ಅದಕ್ಕೆ ಅಂಟಿಕೊಂಡೇ ಇತ್ತು. ಮರುದಿನವೂ ಇತ್ತು. ಬೆಳಿಗ್ಗೆ ಆ ಪಿನ್ನು ನೋಡುತ್ತ ಕೂತಾಗ ತಲೆಗೆ ಹೋಯಿತು. ಅದೇ ಮೊಳೆ, ಬ್ಯಾಟರಿ ಹಚ್ಚುವ ಮೊದಲೂ ಕರೆಂಟ್ ಸೊನ್ನೆ, ಈಗಲೂ ಸೊನ್ನೆ. ಆಗ ಪಿನ್ನು ಎತ್ತುತ್ತಿರಲಿಲ್ಲ, ಈಗ ಎತ್ತುತ್ತದೆ. ಇದರಲ್ಲಿ ಗಡಿಯಾರದ ಮಾತೇ ಇಲ್ಲ. ಮೊಳೆ ಯಾವ ಸ್ಥಿತಿಯಿಂದ ಇಲ್ಲಿಗೆ ಬಂತು ಅನ್ನುವುದೇ ಮುಖ್ಯ.

ನಾನು ಇದಕ್ಕೆ 'ಹಿಂಬಾಕಿ' ಅಂತ ಹೆಸರಿಟ್ಟುಕೊಂಡೆ. ಶಾಸ್ತ್ರೀಯ ಪದವೇನಲ್ಲ, ಆದರೆ ನನಗೆ ಚೆನ್ನಾಗಿ ಕೂತಿದೆ. ಮೊಳೆಯಲ್ಲಿ ಉಳಿದದ್ದು ಹಳೇ ಬಾಕಿ. ಅದನ್ನು ಚುಕ್ತಾ ಮಾಡಲು ಉಲ್ಟಾ ಕರೆಂಟ್ ಕೊಡಬೇಕು, ಅಂದರೆ ಖರ್ಚು. 50 ಹರ್ಟ್ಸ್ ಟ್ರಾನ್ಸ್‌ಫಾರ್ಮರಿನಲ್ಲಿ ಕರೆಂಟ್ ಹಿಂದೆ ಮುಂದೆ ದಿಕ್ಕು ಬದಲಿಸುತ್ತಲೇ ಇರುತ್ತದೆ, ಹಾಗಾಗಿ ಅದರ ಕಬ್ಬಿಣದ ತಿರುಳಿನಲ್ಲಿ ಸೆಕೆಂಡಿಗೆ 50 ಸುತ್ತು ಈ ವಸೂಲಿ ನಡೆಯುತ್ತದೆ. ಪ್ರತಿ ಸುತ್ತಿನ ಖರ್ಚೂ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಅಲ್ಲಿ ಸಿಲಿಕಾನ್ ಬೆರೆಸಿದ, ಬಾಕಿ ಕಡಿಮೆ ಉಳಿಸಿಕೊಳ್ಳುವ ಉಕ್ಕು. ಶಾಶ್ವತ ಕಾಂತಕ್ಕೆ ಇದರ ತದ್ವಿರುದ್ಧ, ಬಾಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು. ನಿರುದ್ಯೋಗದ ಬಗ್ಗೆ ಬರೆಯುವ ಅರ್ಥಶಾಸ್ತ್ರಜ್ಞರೂ ಈ ಪದ ಎರವಲು ತಂದಿದ್ದಾರೆ. ಆರ್ಥಿಕ ಹಿಂಜರಿತ ಮುಗಿದರೂ ನಿರುದ್ಯೋಗ ಹಳೇ ಮಟ್ಟಕ್ಕೆ ಇಳಿಯದಿದ್ದರೆ, ಅದೂ ಇದೇ ಜಾತಿ.

ಪೆಟ್ಟಿಗೆಗೆ ಬರೋಣ. ಒಂದು ಗಡಿಯ ಬದಲು ಎರಡು ಇಟ್ಟೆ. 37.25ಕ್ಕೆ ಇಳಿದರೆ ಬಲ್ಬ್ ಹತ್ತಿಸು, 37.75ಕ್ಕೆ ಏರಿದರೆ ಆರಿಸು, ನಡುವೆ ಇದ್ದರೆ ಏನೂ ಮಾಡಬೇಡ, ಇದ್ದ ಹಾಗೇ ಬಿಡು. ಈ 'ಏನೂ ಮಾಡಬೇಡ' ಬರೆಯುವುದಕ್ಕೇ ನನಗೆ ಇಷ್ಟು ದಿನ ಹಿಡಿಯಿತು. ಈಗ ಪರದೆಯಲ್ಲಿ 37.50 ಕಂಡರೆ ಬಲ್ಬ್ ಹತ್ತಿದೆಯೋ ಆರಿದೆಯೋ ಹೇಳಲು ಬರುವುದಿಲ್ಲ, ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಬೇಕು.